ಮೂರನೆಯ ಸರದಿ

ಆ ವರ್ಷ ಪೈವಿಯ ಮನೆಯಲ್ಲಿ ಬೇಸಿಗೆ ರಜೆಯ ಜಗಳ ಹಿಮ ಕರಗುವ ಮೊದಲೇ ಆರಂಭವಾಯಿತು. ಗುರುವಾರವಾದ್ದರಿಂದ ಅಲ್ಲಿನ ವಾಡಿಕೆಯಂತೆ ಮೇಜಿನ ಮೇಲೆ ಬಟಾಣಿ ಸಾರು ಇತ್ತು. ಪೈವಿ ಗ್ರೀಸ್ ದೇಶದ ದ್ವೀಪವೊಂದರ ಹೋಟೆಲಿನ ಚಿತ್ರವನ್ನು ಫೋನಿನಲ್ಲಿ ತೆಗೆದು ಮಗಳ ಮುಂದೆ ಹಿಡಿದಳು. ಹದಿನೇಳು ವರ್ಷದ ವೆನ್ಲಾ ಅದರತ್ತ ನೋಡದೆ ರೊಟ್ಟಿಗೆ ಬೆಣ್ಣೆ ಸವರುತ್ತಿದ್ದಳು.

"ನಾನು ವಿಮಾನ ಹತ್ತಲ್ಲ," ಎಂದಳು.

"ಹೋದ ವರ್ಷ ಹತ್ತಿದ್ದೆ."

"ಹೋದ ವರ್ಷ ಬುದ್ಧಿ ಇರ್ಲಿಲ್ಲ."

"ಈಗ ಬಂತೋ?"

"ಸ್ವಲ್ಪ ಬಂತು. ಬಿಸಿಲಲ್ಲಿ ಬಿದ್ಕೊಳ್ಳೋಕೆ ಅಷ್ಟು ಹೊಗೆ ಉಗುಳ್ಕೊಂಡು ಅಷ್ಟು ದೂರ ಹಾರ್ಬೇಕಾ? ಈಗೀಗ ಚಳಿಗಾಲಾನೇ ಸರಿಯಾಗಿ ಬರಲ್ಲ ಅಂತ ನೀನೇ ದಿನಾ ಗೊಣಗ್ತೀಯ."

ಪೇತ್ರಿ ಸಾರಿಗೆ ಸಾಸಿವೆ ಕಲಸುತ್ತ ಇಬ್ಬರ ಮುಖವನ್ನೂ ನೋಡಿದ. ಅವನು ಫಿನ್ಲೆಂಡಿನ ಟಾಂಪೆರೆ ನಗರದಲ್ಲಿ ಟ್ರಾಮ್ ಓಡಿಸುವವನು. ಪೈವಿಯ ಸಂಗಾತಿಯಾಗಿ ಆ ಮನೆಗೆ ಬಂದು ಮೂರು ವರ್ಷವಾಗಿತ್ತು. "ನನ್ನ ಟ್ರಾಮಲ್ಲೇ ಕರ್ಕೊಂಡು ಹೋಗ್ಲಾ?" ಎಂದ. "ಹೊಗೆ ಇಲ್ಲ, ಕರೆಂಟಲ್ಲಿ ಓಡುತ್ತೆ. ಗ್ರೀಸ್ ತನಕ ಹಳಿ ಹಾಕಿಲ್ಲ, ಅದೊಂದೇ ಕಷ್ಟ."

ಯಾರೂ ನಗಲಿಲ್ಲ.

"ನೀವಿಬ್ರೂ ಹೋಗಿ," ಎಂದಳು ವೆನ್ಲಾ. "ನಾನು ರೈಲು ಹಿಡಿದು ಅಜ್ಜಿ ಹತ್ರ ಹೋಗ್ತೀನಿ. ಸರೋವರದ ಮನೆಗೆ. ಜುಲೈ ಪೂರ್ತಿ ಅಲ್ಲೇ ಇರ್ತೀನಿ."

ಪೈವಿಯ ಚಮಚ ತಟ್ಟೆಯಲ್ಲೇ ನಿಂತಿತು. ಆ ಸರೋವರದಲ್ಲೇ ಒಂಬತ್ತು ವರ್ಷದ ಹಿಂದೆ ಒಂದು ಅಕ್ಟೋಬರಿನ ಬೆಳಗ್ಗೆ ಅವಳ ಗಂಡ ರಿಸ್ತೊ ಬಲೆ ಎತ್ತಲು ಹೋಗಿದ್ದ. ದೋಣಿ ಮಗುಚಿಕೊಂಡು ಜೊಂಡಿನ ಕಡೆ ತೇಲಿ ಬಂತು. ಅವನು ಬರಲಿಲ್ಲ. ಮುಳುಗುಗಾರರು ಹುಡುಕಿದರು. ಅಷ್ಟರಲ್ಲಿ ನೀರು ಹೆಪ್ಪುಗಟ್ಟಿತು. ವಸಂತದಲ್ಲಿ ಮತ್ತೆ ಹುಡುಕಿದರು. ಚರ್ಚಿನ ಅಂಗಳದಲ್ಲಿ ಅವನ ಹೆಸರಿನ ಕಲ್ಲಿದೆ, ಅದರ ಕೆಳಗೆ ಏನೂ ಇಲ್ಲ. ಅಂದಿನಿಂದ ಪೈವಿ ಆ ಕಡೆ ಕಾಲಿಟ್ಟವಳಲ್ಲ. ಅತ್ತೆ ಹಿಲ್ಕಾ ಕ್ರಿಸ್ಮಸ್ಸಿಗೆ ಟಾಂಪೆರೆಗೆ ಬರುತ್ತಿದ್ದಳು. ಇಬ್ಬರೂ ಅಡುಗೆಯ ಮಾತು ಬಿಟ್ಟು ಬೇರೆ ಆಡುತ್ತಿರಲಿಲ್ಲ. ಬೇಸಿಗೆ ಬಂದ ಕೂಡಲೇ ಪೈವಿ ಮಗಳ ಕೈ ಹಿಡಿದು ಯಾವುದಾದರೂ ಉಪ್ಪುನೀರಿನ ದಂಡೆಗೆ ಹಾರಿಬಿಡುತ್ತಿದ್ದಳು.

"ಅಲ್ಲಿಗೆ ಒಬ್ಳೇ ಹೋಗೋದು ಬೇಡ," ಎಂದಳು ಪೈವಿ.

"ಹಾಗಾದ್ರೆ ನೀನೂ ಬಾ."

ಜಗಳ ಮೇ ತಿಂಗಳವರೆಗೆ ನಡೆಯಿತು. ಕೊನೆಗೆ, ಮಗಳನ್ನು ಆ ನೀರಿನ ಹತ್ತಿರ ಒಂಟಿಯಾಗಿ ಬಿಡಲಾರದೆ, ಪೈವಿಯೂ ಹೊರಟಳು. ಪೇತ್ರಿ ತನ್ನ ರಜೆ ಬದಲಾಯಿಸಿಕೊಂಡ. ಒಳ್ಳೆಯ ಉದ್ದೇಶದಿಂದ ಹೊರಟವರನ್ನು ದೇವರು ಯಾವ ದಾರಿಯಿಂದ ಎಲ್ಲಿಗೆ ಕರೆದೊಯ್ಯುತ್ತಾನೆಂದು ಹೇಳಲಾಗದು.

ಎರಡು ರೈಲು, ಒಂದು ಬಸ್ಸು ಹಿಡಿದು ದೋಣಿಕಟ್ಟೆಗೆ ಬಂದಾಗ ಹಿಲ್ಕಾ ದೋಣಿ ತಂದು ಕಾಯುತ್ತಿದ್ದಳು. ಎಪ್ಪತ್ತೆಂಟರ ಮುದುಕಿ, ತಲೆಗೆ ಬಿಳಿ ವಸ್ತ್ರ, ಕಾಲಿಗೆ ರಬ್ಬರ್ ಬೂಟು. ಪೈವಿ ದೋಣಿಯನ್ನು ನೋಡಿದಳು.

"ಅದೇ ದೋಣಿ," ಎಂದಳು.

"ಅದೇ. ದೋಣಿ ಏನು ತಪ್ಪು ಮಾಡಿದೆ?"

"ನಾನು ನಡ್ಕೊಂಡು ಬರ್ತೀನಿ ಅತ್ತೆ."

"ಬಳಸು ದಾರಿ. ಸೊಳ್ಳೆ."

"ಇರ್ಲಿ."

ಉಳಿದವರು ದೋಣಿಯಲ್ಲಿ ಹೋದರು. ಪೈವಿ ಕಾಡಿನೊಳಗಿಂದ ಕೊಲ್ಲಿಯನ್ನು ಸುತ್ತಿಕೊಂಡು ಬಂದು ಮುಟ್ಟುವಾಗ ಆಲೂಗಡ್ಡೆ ಬೆಂದು ಆರಿತ್ತು.

ಮೊದಲ ವಾರ ವೆನ್ಲಾಳದೇ ರಾಜ್ಯ. ಆ ಮನೆಗೆ ಕರೆಂಟು ಇರಲಿಲ್ಲ. ಕುಡಿಯುವ ನೀರಿಗೆ ಬಾವಿ, ತೊಳೆಯುವ ನೀರಿಗೆ ಸರೋವರ, ಹಿತ್ತಲಲ್ಲಿ ಮರದ ಹೊಟ್ಟು ಸುರಿಯುವ ಒಣ ಪಾಯಿಖಾನೆ. ಅದನ್ನೆಲ್ಲ ನೋಡಿ ಹುಡುಗಿ ಹಿಗ್ಗಿದಳು.

"ಅಜ್ಜಿ, ನೀನು ಭೂಮಿಗೆ ಒಂದಿಷ್ಟೂ ಭಾರ ಆಗದೆ ಬದುಕ್ತಿದ್ದೀಯ. ಗೊತ್ತಾ?"

"ನಾವು ಇದನ್ನ ಬಡತನ ಅಂತಿದ್ವಿ," ಎಂದಳು ಹಿಲ್ಕಾ. "ಪಾಯಿಖಾನೆ ಡಬ್ಬ ತುಂಬಿದೆ. ಭಾರ ಆಗುತ್ತೋ ಇಲ್ವೋ ಎತ್ತಿ ನೋಡು."

ವೆನ್ಲಾ ಎತ್ತಿದಳು. ಸೌದೆ ಒಟ್ಟಿದಳು, ನೀರು ಹೊತ್ತಳು, ಪಾತ್ರೆ ತೊಳೆದ ನೀರನ್ನು ಹಿತ್ತಲ ಹಣ್ಣಿನ ಗಿಡಗಳಿಗೆ ಸುರಿದಳು. ಕಾಫಿಗೆ ಅವಳು ಊರಿನಿಂದ ತಂದ ಓಟ್ಸ್ ಹಾಲನ್ನು ಅಜ್ಜಿ ಮೂಸಿ ನೋಡಿ, "ಕುದುರೆ ಮುಸುರೆ," ಎಂದು ಪಕ್ಕಕ್ಕಿಟ್ಟಳು. ಪೇತ್ರಿ ಬಾಗಿಲ ಕೀಲಿಗೆ ಎಣ್ಣೆ ಬಿಟ್ಟ, ಮೆಟ್ಟಿಲಿಗೆ ಮೊಳೆ ಹೊಡೆದ. "ಫಿನ್ಲೆಂಡಿನ ಬೇಸಿಗೆ ಅಂದ್ರೆ ಎರಡು ಮಳೆ ನಡುವಿನ ಬಿಡುವು. ಆ ಬಿಡುವಲ್ಲೂ ನಂಗೆ ಕೆಲಸ," ಎಂದು ಗೊಣಗಿದ. ಪೈವಿ ಯಾವಾಗಲೂ ಮನೆಯ ಹಿಂಭಾಗದಲ್ಲೇ ಕೆಲಸ ಹುಡುಕಿಕೊಳ್ಳುತ್ತಿದ್ದಳು. ನೀರಿನ ಕಡೆಯ ಜಗಲಿಯಲ್ಲಿ ಅವಳು ಕುಳಿತದ್ದನ್ನು ಯಾರೂ ನೋಡಲಿಲ್ಲ.

ಜಗಳ ಬಂದದ್ದು ಮೀನಿನಿಂದ. ಬುಧವಾರ ಹಿಲ್ಕಾ ಅಂಗಡಿಯ ರಟ್ಟಿನ ಪೊಟ್ಟಣ ಒಡೆದು ಮೀನಿನ ತುಂಡು ಹುರಿದಳು. ವೆನ್ಲಾ ಪೊಟ್ಟಣ ತಿರುಗಿಸಿ ಓದಿದಳು.

"ಇದು ಭೂಮಿಯ ಆ ಮಗ್ಗುಲಿಂದ ಬಂದಿದೆ."

"ಬಂದ್ರೆ ಬರ್ಲಿ. ಮುಳ್ಳಿಲ್ಲ."

"ಕಿಟಕೀಲಿ ಸರೋವರ ಕಾಣ್ತಿದೆ ಅಜ್ಜಿ. ತಟ್ಟೇಲಿ ಇನ್ಯಾವುದೋ ಸಮುದ್ರದ ಮೀನು. ಬಲೆ ಕೊಟ್ಟಿಗೇಲೇ ತೂಗ್ತಿದೆ."

"ತೂಗ್ಲಿ."

"ಯಾಕೆ?"

"ನಂಗೆ ಇದು ಸೇರುತ್ತೆ."

ವೆನ್ಲಾ ತಾಯಿಯ ಕಡೆ ತಿರುಗಿದಳು. ಅತ್ತೆಯ ಅಡುಗೆಯಲ್ಲಿ ಯಾವಾಗಲೂ ಒಂದು ಕೊರತೆ ಕಾಣುತ್ತಿದ್ದ ಪೈವಿ ಅಂದು ಸುಮ್ಮನೆ ತಟ್ಟೆ ಮುಂದಕ್ಕೆ ತಳ್ಳಿ ಇನ್ನೊಂದು ತುಂಡು ಹಾಕಿಸಿಕೊಂಡಳು.

ಶನಿವಾರ ಮಧ್ಯಾಹ್ನದಿಂದಲೇ ಹಿಲ್ಕಾ ಸೌನಾ ಕಾಯಿಸಿದಳು. ನೀರಿನ ಅಂಚಿನಲ್ಲಿ ನಿಂತ ಕಪ್ಪು ಮರದ ಸ್ನಾನದ ಮನೆ ಅದು; ಒಳಗೆ ಕಲ್ಲು ಹೇರಿದ ಒಲೆ, ಅದರೆದುರು ಮೇಲೊಂದು ಕೆಳಗೊಂದು ಅಗಲ ಹಲಗೆ. ಮೊದಲ ಸರದಿ ಗಂಡಸಿನದು. ಪೇತ್ರಿ ಕೆಂಪಗಾಗಿ ಬಂದು ಜಗಲಿಯಲ್ಲಿ ಸಾಸೇಜು ಸುಡಲು ಕುಳಿತ. ಎರಡನೆಯದು ಹೆಂಗಸರದು. ಪೈವಿ ಬಾಗಿಲ ಬಳಿಯೇ ಕುಳಿತು ಬೇಗ ಎದ್ದುಬಂದಳು. ವೆನ್ಲಾ ಮೈ ಒರೆಸಿಕೊಂಡು ಹೊರಗೆ ಬಂದಾಗ ಅಜ್ಜಿ ಒಲೆಗೆ ಇನ್ನೂ ನಾಲ್ಕು ಕೊರಡು ತುಂಬುತ್ತಿದ್ದಳು.

"ಎಲ್ರದೂ ಆಯ್ತಲ್ಲ? ಮತ್ಯಾಕೆ ಸೌದೆ?"

ಅಜ್ಜಿ ಬಾಯಿ ತೆರೆಯುವ ಮೊದಲೇ ಪೈವಿ ಹೇಳಿದಳು: "ಹಲಗೆ ಒಣಗ್ಲಿ ಅಂತ. ಒದ್ದೆ ಇದ್ರೆ ಕೊಳೆಯುತ್ತೆ. ನೀನು ಹೋಗಿ ಮುಸುರೆ ಬಕೆಟ್ ಗೊಬ್ಬರದ ಗುಂಡಿಗೆ ಹಾಕಿ ಬಾ."

ಹುಡುಗಿ ಹೋದಳು. ಹಿಲ್ಕಾ ತೊಟ್ಟಿಗೆ ನೀರು ತುಂಬಿ, ಒಗೆದ ಟವೆಲನ್ನು ಗೂಟಕ್ಕೆ ಹಾಕಿ, ಮೈಗೆ ಬಡಿದುಕೊಳ್ಳುವ ಹಸಿ ಬರ್ಚ್ ಸೊಪ್ಪಿನ ಕಟ್ಟನ್ನು ಹಲಗೆಯ ಮೇಲಿಟ್ಟು, ಬಾಗಿಲು ಮುಚ್ಚಿದಳು. ಪೇತ್ರಿ ನೋಡುತ್ತಿದ್ದ.

"ಇನ್ನೂ ಯಾರಾದ್ರೂ ಬರ್ತಾರಾ ಯಜಮಾನಮ್ಮ?"

"ರಿಸ್ತೊ."

ಪೇತ್ರಿ ಸಾಸೇಜನ್ನು ಮಗುಚಿ ಹಾಕಿದ. "ಬೀರು ಇಡ್ಬೇಕಾ?" ಎಂದು ಕೇಳಿದ.

"ಸೌನಾದಲ್ಲಿ ಅವನು ಕುಡೀತಿರ್ಲಿಲ್ಲ."

"ಒಳ್ಳೇದಾಯ್ತು. ಇರೋದು ಒಂದೇ."

ಹಿಂದಿನವರು ಸಕಲ ಸಂತರ ಹಬ್ಬದ ಹೊತ್ತಿಗೆ ವರ್ಷಕ್ಕೊಮ್ಮೆ ಹೀಗೆ ಸತ್ತವರಿಗೆಂದು ಕೊನೆಯ ಕಾವು ಬಿಡುತ್ತಿದ್ದರು. ಹಿಲ್ಕಾ ಪ್ರತಿ ಶನಿವಾರ ಬಿಡುತ್ತಿದ್ದಳು. ಇದು ಕ್ರೈಸ್ತರ ಪದ್ಧತಿಯಲ್ಲ ಎಂದು ಪಾದ್ರಿ ಒಮ್ಮೆ ಮೆಲ್ಲಗೆ ಹೇಳಿದಾಗ ಅವಳು, "ನಾನು ದೇವರನ್ನ ಬಿಟ್ಟಿಲ್ಲ, ಸ್ವಾಮಿ. ಮಗನಿಗೆ ನೀರು ಕಾಯಿಸ್ತೀನಿ, ಅಷ್ಟೆ," ಎಂದಿದ್ದಳು.

ಜಗಲಿಯಲ್ಲಿ ಮೂವರೂ ಕುಳಿತಿದ್ದಂತೆಯೇ ಮುಚ್ಚಿದ ಬಾಗಿಲ ಹಿಂದೆ ಕಲ್ಲಿನ ಮೇಲೆ ನೀರು ಬಿದ್ದು ಚುಂಯ್ ಎಂದಿತು. ಪೇತ್ರಿಯ ಕೈ ತಡೆಯಿತು.

"ಚಾವಣಿ ಹನಿ," ಎಂದಳು ಹಿಲ್ಕಾ. "ಕಲ್ಲಿಗೆ ಬಿದ್ರೆ ಹೀಗೇ ಸದ್ದು."

ಇನ್ನೊಮ್ಮೆ ಸದ್ದಾಯಿತು. ಪೈವಿ ಎದ್ದು ಒಳಗೆ ಹೋಗಿ ನೀರಿನ ಕಡೆಯ ಕಿಟಕಿ ಮುಚ್ಚಿದಳು.

ಎರಡನೆಯ ವಾರ ವೆನ್ಲಾ ಪೇತ್ರಿಯನ್ನು ಒಲಿಸಿಕೊಂಡಳು. ಅವನು ಮೊದಲು ಬೇಡವೆಂದ. "ಕೇಳಿ ಮಾಡೋಣ," ಎಂದ. "ಕೇಳಿದ್ರೆ ಅಂಗಡಿ ಪೊಟ್ಟಣ ಒಡೀತಾಳೆ," ಎಂದಳು ವೆನ್ಲಾ. ಸಂಜೆ ಇಬ್ಬರೂ ಕೊಟ್ಟಿಗೆಯ ಬಲೆ ತೆಗೆದು ಕೊಲ್ಲಿಯ ಬಾಯಲ್ಲಿ ಬಿಟ್ಟುಬಂದರು. ಬೆಳಗ್ಗೆ ಒಂದು ಬಕೆಟ್ ಬೆಳ್ಳಿಮೀನು ಹೊತ್ತು ತಂದರು. ಬೆರಳುದ್ದದವು, ಇನ್ನೂ ಮಿಡಿಯುತ್ತಿದ್ದವು.

ಹಿಲ್ಕಾ ಬಕೆಟಿನೊಳಗೆ ಬಹಳ ಹೊತ್ತು ನೋಡಿದಳು. ಬೈಯಲಿಲ್ಲ. ಕೊಂದದ್ದನ್ನು ಬಿಸಾಡುವುದು ಪಾಪವೆಂದು ಬೆಳೆದವಳು. ಚಾಕು ತೆಗೆದುಕೊಂಡು ಮೆಟ್ಟಿಲ ಮೇಲೆ ಕುಳಿತು ಎಲ್ಲವನ್ನೂ ಸೀಳಿ, ತೊಳೆದು, ರೈ ಧಾನ್ಯದ ಹಿಟ್ಟಿನಲ್ಲಿ ಹೊರಳಿಸಿ ಬೆಣ್ಣೆಯಲ್ಲಿ ಕರಿದಳು. ಮೇಜಿನ ಮೇಲೆ ಹೊಸ ಆಲೂಗಡ್ಡೆ, ಸಬ್ಬಸಿಗೆ, ಮಧ್ಯದಲ್ಲಿ ಮೀನು. ಹಿಲ್ಕಾ ಕೈಮುಗಿದು ಊಟದ ಪ್ರಾರ್ಥನೆ ಹೇಳಿದಳು. ಆಗ ಪೈವಿ ಹಿತ್ತಲಿನಿಂದ ಬಂದಳು.

"ಈ ಮೀನು ಎಲ್ಲಿಂದು?"

"ಇಲ್ಲಿಂದೇ," ಎಂದಳು ವೆನ್ಲಾ, ಮುಖವೆಲ್ಲ ಅರಳಿಸಿಕೊಂಡು. "ಎಣ್ಣೆ ಸುಟ್ಟಿಲ್ಲ, ಪ್ಲಾಸ್ಟಿಕ್ ಇಲ್ಲ. ದೋಣಿ ಹುಟ್ಟು, ನಮ್ಮ ತೋಳು, ಅಷ್ಟೇ ಖರ್ಚು. ಕೂತ್ಕೋ ಅಮ್ಮ."

ಪೈವಿ ಕೂರಲಿಲ್ಲ. "ಅವು ಏನು ತಿಂದು ಬೆಳೆದಿವೆ ಅಂತ ಯೋಚನೆ ಮಾಡಿದ್ಯಾ?"

"ನೀರಲ್ಲಿರೋ ಸಣ್ಣ ಹುಳ ಹುಪ್ಪಟೆ, ಮತ್ತೆ..." ವೆನ್ಲಾಳ ಮಾತು ಅಲ್ಲಿಗೇ ನಿಂತಿತು.

ಪೇತ್ರಿ ಬಾಯಿಗೆ ಒಯ್ದ ಫೋರ್ಕನ್ನು ಕೆಳಗಿಟ್ಟ.

"ಪೈವಿ," ಎಂದಳು ಹಿಲ್ಕಾ.

"ನೀವೂ ಬಡಿಸ್ಕೊಂಡಿಲ್ಲ ಅತ್ತೆ. ಒಂಬತ್ತು ವರ್ಷದಿಂದ ಪೊಟ್ಟಣದ ಮೀನು ತಿಂತಿದ್ದೀರಿ. ಯಾಕೆ ಅಂತ ಮೊಮ್ಮಗಳಿಗೆ ಹೇಳಿ. ನಾನೊಬ್ಳೇ ಹುಚ್ಚಿ ಅಂತ ಅವಳು ತಿಳ್ಕೊಳ್ಳೋದು ಬೇಡ."

ಹಿಲ್ಕಾ ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತಲೇ ಇದ್ದಳು. ವೆನ್ಲಾ ಎದ್ದು ಹೊರಗೆ ಓಡಿದಳು. ಮನೆಯ ಹಿಂದೆ ಅವಳು ವಾಂತಿ ಮಾಡಿಕೊಳ್ಳುವುದು ಒಳಗೆ ಕೇಳಿಸಿತು. ಆ ಮಧ್ಯಾಹ್ನ ಹಿಲ್ಕಾ ಮೀನನ್ನೆಲ್ಲ ಒಂದು ಬಟ್ಟೆಯಲ್ಲಿ ಸುತ್ತಿ ಬೇಲಿಯ ಬುಡದಲ್ಲಿ ಆಳವಾಗಿ ಹೂತಳು. ಹೂಳುವಾಗ ತಲೆಯ ವಸ್ತ್ರ ಸರಿಪಡಿಸಿಕೊಂಡು ಸ್ವಲ್ಪ ಹೊತ್ತು ನಿಂತದ್ದನ್ನು ಪೇತ್ರಿ ಕಂಡ.

"ನನ್ನಿಂದ ತಪ್ಪಾಯ್ತು," ಎಂದ.

"ನೀನು ಬೇರೆಯವನು. ನಿಂಗೆ ಹೇಗೆ ಗೊತ್ತಾಗ್ಬೇಕು," ಎಂದಳು ಹಿಲ್ಕಾ. ಅದು ಸಮಾಧಾನವೋ ಮೂದಲಿಕೆಯೋ ಅವನಿಗೆ ತಿಳಿಯಲಿಲ್ಲ.

ಅಂದಿನಿಂದ ವೆನ್ಲಾ ಹೊಗೆಯ ಮಾತು, ಭೂಮಿಯ ಮಾತು ಆಡಲಿಲ್ಲ. ಕೆಲಸ ಮಾತ್ರ ಬಿಡಲಿಲ್ಲ. ಮಳೆ ಹಿಡಿಯಿತು. ನೀರು ತರಲು ಹೋದಾಗ ಅವಳು ಮನೆ ಮುಂದಿನ ದೋಣಿಕಟ್ಟೆಯ ತುದಿಯಲ್ಲಿ ನಿಂತು ಕೆಳಗೆ ನೋಡುತ್ತಿದ್ದಳು. ಪೈವಿ ಕಿಟಕಿಯಿಂದ ಕೂಗುತ್ತಿದ್ದಳು. ಕೂಗಿದ ಮೇಲೆ ಅವಳು ಬರುತ್ತಿದ್ದಳು.

ಮೂರನೆಯ ವಾರದ ಮಧ್ಯದಲ್ಲಿ ಒಂದು ಬೆಳಗ್ಗೆ ಪೈವಿ ಕಾಫಿ ಪಾತ್ರೆ ಹಿಡಿದು ಅಂಗಳಕ್ಕೆ ಬಂದಳು. ಸೌದೆ ಕೊಟ್ಟಿಗೆಯ ಬಾಗಿಲಲ್ಲಿ ಕೆಂಪು ಚೌಕಳಿಯ ದಪ್ಪ ಶರ್ಟು ತೊಟ್ಟವರೊಬ್ಬರು ಅವಳಿಗೆ ಬೆನ್ನು ಹಾಕಿ ಬಗ್ಗಿದ್ದರು. ಕಾಫಿ ನೆಲಕ್ಕೆ ಚೆಲ್ಲಿತು. ತಿರುಗಿದವಳು ವೆನ್ಲಾ.

"ಅದನ್ನ ಬಿಚ್ಚು."

"ಚಳಿ ಆಗ್ತಿದೆ."

"ಬೇರೆ ಹಾಕ್ಕೋ."

"ಕೊಟ್ಟಿಗೆ ಗೋಡೆ ಮೇಲೆ ಮೊಳೇಲಿತ್ತು. ಅಪ್ಪಂದು."

"ಗೊತ್ತು ಯಾರದು ಅಂತ." ಪೈವಿ ಪಾತ್ರೆ ಎತ್ತಿಕೊಂಡಳು. "ಒಂಬತ್ತು ವರ್ಷದ ಧೂಳು, ಇಲಿ ವಾಸನೆ. ಒಗೆದಾದ್ರೂ ಹಾಕ್ಕೋ."

ವೆನ್ಲಾ ಒಗೆದಳು. ತನ್ನ ಮತ್ತು ಪೇತ್ರಿಯ ಬಟ್ಟೆಗಳ ಜೊತೆಗೆ ಅದನ್ನೂ ಒಗೆದು ಕೊಟ್ಟಿಗೆಯಲ್ಲಿ ಹರವಿದಳು. ಮಳೆಗೆ ಏನೂ ಒಣಗಲಿಲ್ಲ. ಶನಿವಾರ ಬಂತು. ಸ್ನಾನಗಳು ಮುಗಿದವು. ಹಿಲ್ಕಾ ಎಂದಿನಂತೆ ಒಲೆ ತುಂಬಿ ಬಾಗಿಲು ಮುಚ್ಚಿ, ತನ್ನ ಕೋಣೆಗೆ ಹೋಗಿ ಬೈಬಲ್ ತೆರೆದಳು. ಹಲಗೆ ಒಣಗಿಸುವ ಕಾವಿನಲ್ಲಿ ಬಟ್ಟೆಯೂ ಒಣಗುತ್ತದೆ ಎಂದು ವೆನ್ಲಾಳಿಗೆ ತೋಚಿತು. ಯಾವ ಮನೆಯಲ್ಲಾದರೂ ಯಾರಾದರೂ ಮಾಡುವ ಕೆಲಸವೇ ಅದು. ಬುಟ್ಟಿ ಹೊತ್ತು ಹೋಗಿ, ಹಲಗೆಯ ಮೇಲೆ ಅಡ್ಡ ಹಾಕಿದ ಗಳಕ್ಕೆ ಎಲ್ಲವನ್ನೂ ತೂಗುಹಾಕಿ ಬಂದಳು.

ಪೈವಿ ಸ್ನಾನದ ಹೊತ್ತಿನಲ್ಲಿ ಕನ್ನಡಕವನ್ನು ಸೌನಾದ ಒಳಗಿನ ಕಿಟಕಿಯ ಮೇಲೆ ಬಿಟ್ಟಿದ್ದಳು. ಊಟಕ್ಕೆ ಮುಂಚೆ ತರಲು ಹೋದಳು. ಎಷ್ಟು ಹೊತ್ತಾದರೂ ಬರದಿದ್ದಾಗ ಹಿಲ್ಕಾ ಹುಡುಕಿಕೊಂಡು ಬಂದಳು. ಪೈವಿ ಸೌನಾದ ಹೊಸ್ತಿಲ ಕೆಳಗಿನ ಕಲ್ಲಿನ ಮೇಲೆ ಮಳೆಯಲ್ಲಿ ಕುಳಿತಿದ್ದಳು.

"ಒಳಗಿದ್ದಾನೆ," ಎಂದಳು.

"ಯಾರು?"

"ಮೇಲಿನ ಹಲಗೇಲಿ. ಕೈ ಚಾಚ್ಕೊಂಡು."

ಹಿಲ್ಕಾ ಬಾಗಿಲು ತೆರೆದಳು. ಹಬೆಯಲ್ಲಿ, ಮಳೆಯ ಸಂಜೆಯ ಮಬ್ಬು ಬೆಳಕಿನಲ್ಲಿ, ಮಗನ ಶರ್ಟು ಎರಡೂ ತೋಳು ಚಾಚಿ ಹಲಗೆಯ ಮೇಲೆ ಮೆಲ್ಲಗೆ ಅಲುಗುತ್ತಿತ್ತು. ಅದರ ಪಕ್ಕದಲ್ಲಿ ಹುಡುಗಿಯ ಕಾಲುಚೀಲ, ಒಳಉಡುಪು, ಪೇತ್ರಿಯ ಪ್ಯಾಂಟು. ಮುದುಕಿ ಒಂದು ಕೈಯಿಂದ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಬುಟ್ಟಿಗೆ ಹಾಕಿ, ಒಳಗೆ ತಂದು ಅಡುಗೆ ಮನೆಯ ನೆಲಕ್ಕೆ ಸುರಿದಳು.

"ವಾರಕ್ಕೊಂದು ಗಂಟೆ," ಎಂದಳು ವೆನ್ಲಾಳಿಗೆ. "ನನ್ನ ಮಗನಿಗೆ ನಾನು ಕೊಡೋದು ಅಷ್ಟೇ. ಅದ್ರಲ್ಲೂ ನಿನ್ನ ಕಾಲುಚೀಲ ತೂಗುಹಾಕಿದ್ಯಾ?"

ವೆನ್ಲಾ ಬೆರಗಾಗಿ ನೋಡಿದಳು. "ಹಲಗೆ ಒಣಗ್ಲಿ ಅಂತ ಅಂದ್ರಲ್ಲ. ಬಿಸಿ ಸುಮ್ನೆ ಹಾಳಾಗ್ತಿತ್ತು."

"ಹಾಳಾಗ್ತಿರ್ಲಿಲ್ಲ. ಅದು ನಿಮ್ಮಪ್ಪನ ಸರದಿ."

"ಹಾಗಂತ ಯಾರು ಹೇಳಿದ್ರು ನಂಗೆ?" ವೆನ್ಲಾಳ ಧ್ವನಿ ಏರಲಿಲ್ಲ, ತೆಳುವಾಯಿತು. "ಇಷ್ಟು ವರ್ಷದಲ್ಲಿ ಯಾರು ಏನು ಹೇಳಿದ್ದೀರಿ? ಆಗ ನಂಗೆ ಎಂಟು ವರ್ಷ. ಅಪ್ಪ ಕಾಫಿಗೆ ಸಕ್ಕರೆ ಹಾಕ್ಕೊಳ್ತಿದ್ನಾ ಅನ್ನೋದೂ ಗೊತ್ತಿಲ್ಲ ನಂಗೆ. ಕೇಳಿದ್ರೆ ಅಮ್ಮ ವಿಮಾನದ ಟಿಕೆಟ್ ತೆಗೀತಾಳೆ. ನೀನು ಬೈಬಲ್ ತೆಗೀತೀಯ."

ಪೇತ್ರಿ ಬಗ್ಗಿ ತನ್ನ ಒದ್ದೆ ಪ್ಯಾಂಟನ್ನು ಎತ್ತಿಕೊಂಡು ಹೊರಗೆ ಹೋದ.

"ಸೋಮವಾರದ ಬಸ್ಸಿಗೆ ನಾನು ಹೊರಡ್ತೀನಿ," ಎಂದಳು ಪೈವಿ.

"ನಾನು ಬರಲ್ಲ."

"ವೆನ್ಲಾ."

"ಬರಲ್ಲ ಅಮ್ಮ. ಅವನು ಇರೋದು ಇಲ್ಲೇ ಅಲ್ವಾ?"

ಭಾನುವಾರ ಹಿಲ್ಕಾ ಬ್ಯಾಟರಿ ರೇಡಿಯೋದಲ್ಲಿ ಆರಾಧನೆ ಕೇಳಿದಳು, ಕೀರ್ತನೆಗೆ ದನಿಗೂಡಿಸಲಿಲ್ಲ. ಆಮೇಲೆ ಅತ್ತೆ ಸೊಸೆ ಇಬ್ಬರೂ ಆಲೂಗಡ್ಡೆ ಹೆರೆಯಲು ಕುಳಿತರು. ಹಿಲ್ಕಾ ಚಾಕುವಿನಿಂದ ಕಣ್ಣೆತ್ತದೆ ಮಾತಾಡಿದಳು.

"ರಿಸ್ತೊನ ಅಪ್ಪ ತೀರ್ಕೊಂಡಾಗ ಸೌನಾದ ಆ ಹಲಗೆ ಮೇಲೇ ತೊಳೆದೆ. ನಮ್ಮತ್ತೆನೂ ಅಲ್ಲೇ ತೊಳೆದದ್ದು. ಆಸ್ಪತ್ರೆಯಿಂದ ಮಗು ರಿಸ್ತೊನ ತಂದ ದಿನ ಮೊದಲ ಸ್ನಾನ ಮಾಡ್ಸಿದ್ದೂ ಅಲ್ಲೇ. ಅವನಿಗೆ ಕೊನೇ ಸ್ನಾನ ಆಗ್ಲಿಲ್ಲ."

ಪೈವಿ ಹೆರೆದ ಆಲೂಗಡ್ಡೆಯನ್ನು ನೀರಿಗೆ ಹಾಕಿದಳು.

"ಆತ್ಮ ದೇವರ ಹತ್ರ ಇದೆ. ಅದರಲ್ಲಿ ನಂಗೆ ಅನುಮಾನ ಇಲ್ಲ. ಆದ್ರೆ ತಾಯಿ ತೊಳೀಬೇಕಾದ ಮೈ ಒಂದಿತ್ತಲ್ಲ. ನೀರು ಕಾಯ್ಸಿಡ್ತೀನಿ, ತಾನೇ ಬಂದು ತೊಳ್ಕೊಳ್ಳಿ ಅಂತ. ಸತ್ತವನು ತನ್ನನ್ನ ತಾನು ತೊಳ್ಕೊಳ್ಳೋದು ಎಲ್ಲಾದ್ರೂ ಉಂಟಾ? ಅದಕ್ಕೇ ಪ್ರತಿ ಶನಿವಾರ ಬರ್ತಾನೆ. ತೊಳೆಯೋರಿಲ್ಲದೆ ಕೂತು ಎದ್ದು ಹೋಗ್ತಾನೆ."

"ಅತ್ತೆ, ಸಾಕು."

"ಸಾಕು ಅಂತ ನಾನೂ ಅಂದ್ಕೊಳ್ತೀನಿ. ಶನಿವಾರ ಬರುತ್ತೆ."

ಸೋಮವಾರ ಪೈವಿ ಚೀಲ ಹೊತ್ತು ಕಾಡುದಾರಿ ಹಿಡಿದಳು. ಪೇತ್ರಿ ರಸ್ತೆಯವರೆಗೆ ಹೋಗಿ ಒಬ್ಬನೇ ಮರಳಿದ. ವೆನ್ಲಾ ಸೌದೆ ಒಟ್ಟುತ್ತಿದ್ದಳು, ತಲೆಯೆತ್ತಲಿಲ್ಲ.

"ಹತ್ತಿದ್ಲಾ?" ಎಂದಳು.

"ಹತ್ತಿದ್ಲು."

"ನೀವ್ಯಾಕೆ ಹೋಗ್ಲಿಲ್ಲ?"

"ನೀನು ಒಂಟಿ ಆಗ್ತೀಯ ಅಂದ್ಲು. ಮತ್ತೆ ಮೆಟ್ಟಿಲು ಇನ್ನೂ ಮುಗಿದಿಲ್ಲ."

ಊಟಕ್ಕೆ ಪೈವಿಯ ತಟ್ಟೆ ಇಡಲಿಲ್ಲ. ಸಂಜೆ ಕಾಫಿಯ ಹೊತ್ತಿಗೆ ಪೈವಿ ಅದೇ ಕಾಡುದಾರಿಯಿಂದ ನಡೆದು ಬಂದಳು. ಬೂಟು ಕೆಸರಾಗಿತ್ತು, ಉಗುರಿನಲ್ಲಿ ಮಣ್ಣಿತ್ತು.

"ಚರ್ಚಿನ ಹತ್ರ ಇಳ್ಕೊಂಡೆ," ಎಂದಳು. "ಕಲ್ಲಿನ ಸುತ್ತ ಹುಲ್ಲು ಬೆಳೆದಿತ್ತು. ಕಿತ್ತೆ." ಚೀಲದಿಂದ ಒಂದು ಸಾಬೂನು ತೆಗೆದು ಮೇಜಿನ ಮೇಲಿಟ್ಟಳು. ಪೈನ್ ಮರದ ಟಾರಿನ ವಾಸನೆಯ ಕಪ್ಪು ಸಾಬೂನು. "ಅವನು ಇದನ್ನೇ ಹಚ್ಚಿಕೊಳ್ತಿದ್ದದ್ದು."

ಹಿಲ್ಕಾ ಸಾಬೂನನ್ನು ಮುಟ್ಟಲಿಲ್ಲ.

"ಶವ ತೊಳೆಯೋದು ಹೇಗೆ ಅಂತ ಹೇಳ್ಕೊಡಿ ಅತ್ತೆ," ಎಂದಳು ಪೈವಿ. "ನಂಗೆ ಬರಲ್ಲ."

"ಶವ ಇಲ್ಲ."

"ಇಲ್ಲ ಅಂತ ನಂಗೂ ಗೊತ್ತು. ಇಲ್ಲದ್ದಕ್ಕೇ ಇಷ್ಟು ವರ್ಷ ನೀರು ಕಾಯ್ಸಿದ್ರಲ್ಲ."

ಹಿಲ್ಕಾ ಎದ್ದು ಇನ್ನೊಂದು ಕಪ್ ತಂದಿಟ್ಟಳು.

ಆ ವಾರ ವೆನ್ಲಾ ಕೇಳುತ್ತಲೇ ಹೋದಳು. ಅಪ್ಪ ಕಾಫಿಗೆ ಸಕ್ಕರೆ ಎಷ್ಟು ಹಾಕಿಕೊಳ್ಳುತ್ತಿದ್ದ? ಎರಡು ಚಮಚ, ಎಂದಳು ಅಜ್ಜಿ. "ನಿಮ್ಮೆದುರು ಎರಡು," ಎಂದಳು ಪೈವಿ. "ನೀವು ಬೇಜಾರಾಗ್ಬಾರ್ದು ಅಂತ. ಮನೇಲಿ ಹಾಕ್ಕೊಳ್ತಾನೇ ಇರ್ಲಿಲ್ಲ." ಹಿಲ್ಕಾ ಅದನ್ನು ನಂಬಲಿಲ್ಲ. ಹಾಡುತ್ತಿದ್ದನೇ? ಕೆಟ್ಟದಾಗಿ. ಸಿಟ್ಟು? ಬೇಗ ಬರುತ್ತಿತ್ತು, ಹಸಿವಾದರೆ ಇನ್ನೂ ಬೇಗ. ನೀರಿಗೆ ಹೆದರುತ್ತಿದ್ದನೇ? ಹಿಲ್ಕಾ ಎದ್ದು ಒಲೆಗೆ ಸೌದೆ ಇಟ್ಟಳು, ಪೈವಿ ಪಾತ್ರೆ ತೊಳೆಯಲು ಹೋದಳು. ಪೇತ್ರಿ ಇಂಥ ಮಾತು ಬಂದಾಗ ಎದ್ದು ಹೋಗುತ್ತಿದ್ದ, ಸಿಟ್ಟಿನಿಂದಲ್ಲ. ಒಮ್ಮೆ ಹೋಗದೆ ಕುಳಿತ.

"ಶನಿವಾರ ನೀರು ನಾನು ತರ್ತೀನಿ," ಎಂದ. "ಬಾಗಿಲ ತನಕ. ಒಳಗೆ ಬರೋದು ನಂಗೆ ಸಲ್ಲ."

"ಬಾಗಿಲ ತನಕ ಬಾ," ಎಂದಳು ಹಿಲ್ಕಾ.

ರಜೆಯ ಕೊನೆಯ ಶನಿವಾರ ಯಾರೂ ಮೊದಲು ಸ್ನಾನ ಮಾಡಲಿಲ್ಲ. ಸೌನಾವನ್ನು ಹದವಾಗಿ ಮಾತ್ರ ಕಾಯಿಸಿದ್ದರು. ಹಿಲ್ಕಾ ಕಪ್ಪು ಉಡುಪು ಹಾಕಿಕೊಂಡಿದ್ದಳು. ಪೈವಿ ಮತ್ತು ವೆನ್ಲಾ ತೋಳು ಮಡಿಚಿದ್ದರು. ಪೇತ್ರಿ ಸರೋವರದ ನೀರನ್ನು ಬಕೆಟಿನಲ್ಲಿ ತಂದು ಬಾಗಿಲಲ್ಲಿ ಕೊಟ್ಟ. ವೆನ್ಲಾ ಅದನ್ನು ಬಿಸಿನೀರಿಗೆ ಬೆರೆಸಿದಳು. ಹಿಲ್ಕಾ ಖಾಲಿ ಹಲಗೆಯ ಮುಂದೆ ನಿಂತು ಕರ್ತನ ಪ್ರಾರ್ಥನೆ ಹೇಳಿದಳು. ಮಧ್ಯದಲ್ಲಿ ಒಂದು ಕಡೆ ಅವಳಿಗೆ ಮಾತು ಹೊರಡಲಿಲ್ಲ. ಅಲ್ಲಿಂದ ಪೈವಿ ಮುಗಿಸಿದಳು.

"ತಲೆ ಕಿಟಕಿ ಕಡೆ," ಎಂದಳು ಹಿಲ್ಕಾ. "ಮೊದಲು ಮುಖ. ಉಜ್ಜಬಾರ್ದು, ಒತ್ತಿ ತೆಗೀಬೇಕು. ಕಿವಿ ಹಿಂದೆ ಮರೀಬೇಡ. ಅವನು ಯಾವತ್ತೂ ಅಲ್ಲಿ ತೊಳ್ಕೊಳ್ತಿರ್ಲಿಲ್ಲ."

ಪೈವಿ ಬಟ್ಟೆಯನ್ನು ಅದ್ದಿ ಹಿಂಡಿ ಹಲಗೆಯ ಮೇಲಿಟ್ಟಳು. ಆಮೇಲೆ ಹಲಗೆಯ ಮೇಲೆ, ಒಂದು ಮುಖದಷ್ಟು ಅಗಲದಲ್ಲಿ, ಮೆಲ್ಲಗೆ ಒತ್ತುತ್ತ ಹೋದಳು. ವೆನ್ಲಾ ನೀರು ಹೊಯ್ದಳು. ಕುತ್ತಿಗೆ, ಎದೆ, ಬಲತೋಳು, ಎಡತೋಳು. ಬೆರಳುಗಳ ಸಂದಿಯಲ್ಲಿ ಪೈವಿ ತಾನಾಗಿಯೇ ಬಹಳ ಹೊತ್ತು ತೊಳೆದಳು. ಯಾರೂ ಅಳಲಿಲ್ಲ. ಸಾಬೂನಿನ ವಾಸನೆ ತುಂಬಿದಾಗ ಹಿಲ್ಕಾ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿದಳು, ಯಾರೋ ಒಳಗೆ ಬಂದರು ಎಂಬಂತೆ. ಬಾಗಿಲು ಮುಚ್ಚಿತ್ತು.

"ಈಗ ಪಾದ," ಎಂದಳು. "ಎಡಗಾಲ ಮೇಲೆ ಕೊಡಲಿ ಗಾಯದ ಕಲೆ ಇದೆ. ಅಲ್ಲಿ ಒತ್ತಬೇಡ."

"ಬಲಗಾಲು ಅತ್ತೆ."

"ಎಡ. ರಕ್ತ ಸೋರೋವಾಗ ಬಟ್ಟೆ ಕಟ್ಟಿದವಳು ನಾನು."

"ಆ ಕಾಲಿನ ಪಕ್ಕ ಎಷ್ಟು ವರ್ಷ ಮಲಗಿದ್ದೀನಿ ನಾನು. ಬಲ."

"ಹೆತ್ತವಳಿಗೆ ಗೊತ್ತಿಲ್ವಾ?"

"ಕಟ್ಕೊಂಡವಳಿಗೆ ಗೊತ್ತಿಲ್ವಾ?"

ಇಬ್ಬರೂ ಹಲಗೆಯ ತುದಿಯಲ್ಲಿ ಒದ್ದೆ ಬಟ್ಟೆ ಹಿಡಿದು ಒಬ್ಬರನ್ನೊಬ್ಬರು ದಿಟ್ಟಿಸುತ್ತ ನಿಂತರು. ವೆನ್ಲಾ ತಂಬಿಗೆ ಎತ್ತಿ ಹಿಡಿದು ಕಾಯುತ್ತಿದ್ದಳು.

"ನೀರು ಆರ್ತಿದೆ," ಎಂದಳು. "ಅಪ್ಪನಿಗೆ ಚಳಿ ಆಗುತ್ತೆ. ಎರಡನ್ನೂ ಮೆಲ್ಲಗೆ ತೊಳೀರಿ."

ಹಿಲ್ಕಾ ಎಡಗಾಲು ತೊಳೆದಳು, ಪೈವಿ ಬಲಗಾಲು. ನೀರು ಹಲಗೆಯ ಸಂದಿನಿಂದ ಇಳಿದು, ನೆಲದ ಕೆಳಗಿನ ಕಲ್ಲುಗಳ ನಡುವೆ ದಾರಿ ಮಾಡಿಕೊಂಡು ಸರೋವರಕ್ಕೆ ಹೋಗುವುದು ಕೇಳುತ್ತಿತ್ತು.

"ಇನ್ನೂ ನೀರು ಬೇಕಾ?" ಎಂದು ಪೇತ್ರಿ ಹೊರಗಿನಿಂದ ಕೇಳಿದ.

ಹಿಲ್ಕಾ ಹಲಗೆಯನ್ನು ತಲೆಯಿಂದ ಪಾದದವರೆಗೆ ನೋಡಿದಳು.

"ಬೇಡಪ್ಪ. ಆಯ್ತು."

ಮೊದಲು ಹಿಲ್ಕಾ ಹೊರಗೆ ಬಂದಳು, ಹಿಂದೆ ವೆನ್ಲಾ. ಮಳೆ ನಿಂತಿತ್ತು. ಕೊನೆಗೆ ಬಂದ ಪೈವಿ, ಹಿಂದಿನಿಂದ ಇನ್ನೊಬ್ಬರು ಬರುವವರಿದ್ದಾಗ ಹಿಡಿಯುವಂತೆ, ಬಾಗಿಲನ್ನು ತೆರೆದು ಹಿಡಿದು ನಿಂತಳು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ಆಮೇಲೆ ಕೈಬಿಟ್ಟಳು.